ಅಳಿಸಿದರೂ ಅಳಿಯದ ಪೆಟ್ಟಿಗೆ

ನಮ್ಮ ಮನೆಯ ಬೀರುವಿನ ಮೇಲೆ, ಹಳೆಯ ಪಂಚಾಂಗಗಳ ಪಕ್ಕದಲ್ಲಿ, ಒಂದು ಕಪ್ಪು ಪೆಟ್ಟಿಗೆ ಬಹಳ ವರ್ಷಗಳಿಂದ ಕೂತಿತ್ತು. ದಪ್ಪ ನಿಘಂಟಿನಷ್ಟು ಗಾತ್ರ. ಹಿಂಬದಿಯಲ್ಲಿ ಎರಡು ತೂತು. ಒಂದು ಕರೆಂಟಿಗೆ, ಇನ್ನೊಂದು ಇಂಟರ್‌ನೆಟ್ ತಂತಿಗೆ. ಮುಂದೆ ಒಂದು ಹಸಿರು ದೀಪ. ಮಗಳು ಎಂಜಿನಿಯರಿಂಗ್ ಸೇರಿದಾಗ, 2012ರಲ್ಲಿ, ಅವಳ ಒತ್ತಾಯಕ್ಕೆ ಕೊಂಡದ್ದು. ಮನೆಯ ಕಂಪ್ಯೂಟರುಗಳಲ್ಲಿ ನಾವು ಏನೇ ಬರೆದಿಟ್ಟರೂ ಅದರದೊಂದು ನಕಲನ್ನು, ನಾವೆಲ್ಲ ಮಲಗಿದ ಮೇಲೆ, ತಾನಾಗಿಯೇ ತೆಗೆದಿಟ್ಟುಕೊಳ್ಳುವುದು ಅದರ ಕೆಲಸ. ಬ್ಯಾಕಪ್ ಡ್ರೈವ್ ಎಂದು ಅದರ ಹೆಸರು. ನನ್ನ ಹೆಂಡತಿ ಮಾತ್ರ ಅದನ್ನು 'ನಿಮ್ಮ ಚಿತ್ರಗುಪ್ತ' ಎಂದೇ ಕರೆಯುತ್ತಿದ್ದಳು.

ಏಳೆಂಟು ವರ್ಷ ದುಡಿದು ಚಿತ್ರಗುಪ್ತ ಸುಮ್ಮನಾದ. ಫೋಟೋಗಳೆಲ್ಲ ಮೊಬೈಲಿಗೆ ಹೋದವು, ಅಲ್ಲಿಂದ ಎಲ್ಲೋ ದೂರದ ಕಂಪ್ಯೂಟರುಗಳಿಗೆ ಹೋದವು. ಈಚೆಗೆ ಮನೆಗೆ ಬಣ್ಣ ಹೊಡೆಸಲು ಬೀರು ಸರಿಸಿದಾಗ ಪೆಟ್ಟಿಗೆ ಕೆಳಗಿಳಿಯಿತು. ಹಳೇ ಪೇಪರು ಕೊಳ್ಳಲು ಬಂದಿದ್ದ ಗುಜರಿಯವನು ಅದನ್ನು ಕೈಯಲ್ಲಿ ತೂಗಿ ನೋಡಿ, "ನೂರೈವತ್ತು ಕೊಡ್ತೀನಿ ಸಾ" ಎಂದ. "ಕೊಟ್ಬಿಡ್ರೀ, ಧೂಳಾದ್ರೂ ಕಮ್ಮಿಯಾಗುತ್ತೆ" ಎಂದಳು ಹೆಂಡತಿ. ಕೊಟ್ಟೇಬಿಡುತ್ತಿದ್ದೆ. ಆದರೆ ವಿಜ್ಞಾನದ ಮೇಷ್ಟರಿಗೆ ಒಂದು ದುರಭ್ಯಾಸ: ಏನನ್ನೇ ಎಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡಬೇಕು. "ಸ್ವಲ್ಪ ದಿವಸ ಇರಲಿ ಬಿಡಪ್ಪ" ಎಂದು ಅವನನ್ನು ಕಳಿಸಿದೆ.

ಆ ದುರಭ್ಯಾಸ ನನ್ನನ್ನು ಒಂದಲ್ಲ, ಎರಡು ಅಪಾಯಗಳಿಂದ ಪಾರು ಮಾಡಿತು. ನಿಮ್ಮ ಮನೆಯ ಅಟ್ಟದ ಮೇಲೂ ಇಂಥದೊಂದು ಪೆಟ್ಟಿಗೆಯೋ, ಹಳೆಯ ಕಂಪ್ಯೂಟರೋ ಇದ್ದರೆ ಈ ಕಥೆ ನಿಮಗೂ ಸಂಬಂಧಿಸಿದ್ದು.

ಒಳಗಿದ್ದದ್ದು ಯಾರ ಆಸ್ತಿ?

ಮೊದಲು ಮಗಳ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿ ಒಳಗೇನಿದೆ ಎಂದು ನೋಡಿದೆ. ಮದುವೆ ಮುಂಜಿಗಳ ಫೋಟೋ, ಪ್ರಶ್ನೆಪತ್ರಿಕೆಗಳು, ಕೇಬಲ್ಲಿನ ಬಿಲ್ಲು. ಅವುಗಳ ನಡುವೆ 'ಸ್ಕಾಲರ್‌ಶಿಪ್' ಎಂಬ ಹೆಸರಿನ ಆರೇಳು ಫೋಲ್ಡರುಗಳು. ತೆಗೆದು ನೋಡಿದವನಿಗೆ ಮೈ ಜುಮ್ಮೆಂದಿತು.

ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆ. ಶಾಲೆಯ ಕಂಪ್ಯೂಟರು ಕೈಕೊಟ್ಟಾಗಲೆಲ್ಲ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳನ್ನು ನಾನು ಮನೆಯಲ್ಲೇ ಕೂತು ತುಂಬಿಸುತ್ತಿದ್ದೆ. ಒಂದೊಂದು ಅರ್ಜಿಗೂ ಆಧಾರ್ ಕಾರ್ಡು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ತಂದೆಯ ಫೋನ್ ನಂಬರು, ಒಂದು ಫೋಟೋ. ಅರ್ಜಿ ಹೋಯಿತು, ಹಣ ಬಂತು, ಮಕ್ಕಳು ಪಾಸಾಗಿ ಊರು ಬಿಟ್ಟರು. ಚಿತ್ರಗುಪ್ತ ಮಾತ್ರ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದ. ಆರು ನೂರಕ್ಕೂ ಹೆಚ್ಚು ಮಕ್ಕಳ ಕಾಗದಪತ್ರಗಳನ್ನು ನಾನು ನೂರೈವತ್ತು ರೂಪಾಯಿಗೆ ಮಾರಲು ಹೊರಟಿದ್ದೆ!

ಅಪ್ರಾಪ್ತ ಮಕ್ಕಳ ಮಾಹಿತಿಗೆ ವಿಶೇಷ ರಕ್ಷಣೆ ಕೊಡಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಹಾಗಿರಲಿ. ಬ್ಯಾಂಕಿನಿಂದ ಮಾತಾಡುತ್ತಿದ್ದೇವೆಂದು ಸುಳ್ಳು ಹೇಳಿ ಹಣ ಲಪಟಾಯಿಸುವವರ ಕೈಗೆ ಒಬ್ಬ ಕೂಲಿಕಾರನ ಹೆಸರು, ಖಾತೆಯ ಸಂಖ್ಯೆ, ಫೋನು ನಂಬರು, ಮಗಳ ಹೆಸರು ಒಟ್ಟಿಗೇ ಸಿಕ್ಕರೆ ಏನಾದೀತು ಎಂದು ಯೋಚಿಸಿದರೆ ಸಾಕು.

ಸರಿ, ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬೇಕೆನಿಸಿದ ಫೋಟೋಗಳನ್ನು ಬೇರೆಡೆಗೆ ನಕಲು ಮಾಡಿಕೊಂಡೆ. ಉಳಿದದ್ದನ್ನೆಲ್ಲ ಒಟ್ಟಿಗೆ ಗುರುತು ಮಾಡಿ 'ಡಿಲೀಟ್' ಒತ್ತಿದೆ. ಪೆಟ್ಟಿಗೆ ಖಾಲಿ ಎಂದು ತೋರಿಸಿತು. ಕೈ ತೊಳೆದುಕೊಂಡೆ.

ಹಾಜರಿ ಪುಸ್ತಕದ ನ್ಯಾಯ

ತಾಲ್ಲೂಕು ಕೇಂದ್ರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಪೆಟ್ಟಿಗೆ ಇನ್ನೂ ಉಪಯೋಗಕ್ಕೆ ಬಂದೀತೇ ನೋಡೆಂದು ಅವನ ಮುಂದೆ ಇಟ್ಟೆ.

"ಒಳಗಿರೋದು ಅಳಿಸಿದ್ದೀರಾ ಸಾರ್?"

"ಪೂರ್ತಿ ಅಳಿಸಿದ್ದೀನಿ ಕಣೋ."

ಅವನು ನಕ್ಕ. ಹೊರಗವಚ ಬಿಚ್ಚಿ ಒಳಗಿನ ಹಾರ್ಡ್ ಡಿಸ್ಕನ್ನು ಹೊರತೆಗೆದು ತನ್ನ ಕಂಪ್ಯೂಟರಿಗೆ ಜೋಡಿಸಿದ. ಫೋಟೋರೆಕ್ ಎಂಬ ತಂತ್ರಾಂಶವನ್ನು ಓಡಿಸಿದ. ಅದು ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯಬಹುದಾದ ಸಾಧನ. ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಪರದೆಯ ಮೇಲೆ ಕಡತಗಳು ಸಾಲುಗಟ್ಟಿದ್ದವು. ಒಂದನ್ನು ತೆರೆದ. ಎರಡು ಜಡೆಗೆ ರಿಬ್ಬನ್ ಕಟ್ಟಿದ ಹುಡುಗಿಯ ಫೋಟೋ. ಇನ್ನೊಂದನ್ನು ತೆರೆದ. ಅವಳ ಅಪ್ಪನ ಪಾಸ್‌ಬುಕ್ಕು, ಒಂದಕ್ಷರವೂ ಮಾಸದೆ.

ಇದು ಹೇಗೆ? ಮೇಷ್ಟರಾದವರಿಗೆ ಸುಲಭವಾಗಿ ಅರ್ಥವಾಗುವ ಹೋಲಿಕೆಯೊಂದಿದೆ. ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗನ ಹೆಸರನ್ನು ಹೊಡೆದು ಹಾಕಿದ ಮಾತ್ರಕ್ಕೆ ಅವನು ಬೆಂಚಿನಿಂದ ಎದ್ದು ಹೋಗುವುದಿಲ್ಲ ತಾನೆ? ಇನ್ನೊಬ್ಬ ಹುಡುಗ ಬಂದು ಆ ಜಾಗದಲ್ಲಿ ಕೂರುವ ತನಕ ಅವನು ಅಲ್ಲಿಯೇ ಇರುತ್ತಾನೆ. ಡಿಸ್ಕಿನಲ್ಲೂ ಯಾವ ಕಡತ ಎಲ್ಲಿದೆ ಎಂದು ಬರೆದಿಟ್ಟ ಒಂದು ಪಟ್ಟಿ ಇರುತ್ತದೆ. ಡಿಲೀಟ್ ಒತ್ತಿದರೆ ಆ ಪಟ್ಟಿಯಲ್ಲಿನ ನಮೂದು ಹೋಗುತ್ತದೆ, ಆ ಜಾಗ ಖಾಲಿ ಎಂದು ಗುರುತಾಗುತ್ತದೆ, ಅಷ್ಟೆ. ಕಂಪ್ಯೂಟರಿಗೆ ಅದು ಉಳಿತಾಯದ ಲೆಕ್ಕ. ನಿಜವಾಗಿ ಅಳಿಸುತ್ತ ಕೂರಲು ಅದಕ್ಕೆ ಪುರಸೊತ್ತಿಲ್ಲ. 'ಕ್ವಿಕ್ ಫಾರ್ಮ್ಯಾಟ್' ಮಾಡಿದರೂ ಕಥೆ ಅದೇ. ಹಳೆಯ ಪಟ್ಟಿಯ ಬದಲು ಹೊಸ ಖಾಲಿ ಪಟ್ಟಿ ಬರುತ್ತದೆ. ಮಾಹಿತಿ ಇದ್ದಲ್ಲೇ ಇರುತ್ತದೆ.

ಇದು ನನ್ನೊಬ್ಬನ ಪೆದ್ದುತನವಲ್ಲ. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಇಬ್ಬರು ಸಂಶೋಧಕರು 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು ಬರೇ 12. ಉಳಿದವುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕವು. ಇಂಗ್ಲೆಂಡಿನ ಬ್ರೈಟನ್ನಿನ ಆಸ್ಪತ್ರೆಗಳ ಡಿಸ್ಕುಗಳನ್ನು ನಾಶ ಮಾಡುವ ಕೆಲಸವನ್ನು ಹೊರಗಿನವರಿಗೆ ವಹಿಸಿದ್ದರು. ಅವುಗಳಲ್ಲಿ ಕೆಲವು ರೋಗಿಗಳ ವಿವರಗಳ ಸಮೇತ ಇಂಟರ್‌ನೆಟ್ ಹರಾಜಿನಲ್ಲಿ ಮಾರಾಟವಾದವು. 2012ರಲ್ಲಿ ಆ ಆಸ್ಪತ್ರೆಗಳ ಆಡಳಿತಕ್ಕೆ 3.25 ಲಕ್ಷ ಪೌಂಡ್ ದಂಡ ಬಿತ್ತು. ಹಳೆಯ ಡಿಸ್ಕುಗಳ ವಿಲೇವಾರಿಯಲ್ಲಿ ಅಜಾಗರೂಕತೆ ತೋರಿದ್ದಕ್ಕೆ ಮಾರ್ಗನ್ ಸ್ಟ್ಯಾನ್ಲಿ ಎಂಬ ದೊಡ್ಡ ಹಣಕಾಸು ಸಂಸ್ಥೆ 2022ರಲ್ಲಿ 3.5 ಕೋಟಿ ಡಾಲರ್ ದಂಡ ತೆತ್ತಿತು.

ಡಿಸ್ಕಿನ ಜೀವ ಎಷ್ಟು ಗಟ್ಟಿ ಎಂಬುದಕ್ಕೆ ಮನ ಕಲಕುವ ನಿದರ್ಶನವೂ ಇದೆ. 2003ರ ಫೆಬ್ರವರಿ 1ರಂದು ನಮ್ಮ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿಯನ್ನು ಬಲಿ ತೆಗೆದುಕೊಂಡು ಕೊಲಂಬಿಯಾ ನೌಕೆ ಆಕಾಶದಲ್ಲಿ ಚೂರಾಯಿತಷ್ಟೆ. ಅದರೊಂದಿಗೆ ನೆಲಕ್ಕೆ ಬಿದ್ದ ಒಂದು ಡಿಸ್ಕು ಸುಟ್ಟು ವಿಕಾರವಾಗಿತ್ತು. ಅದರೊಳಗಿನ ಶೇಕಡಾ 99ರಷ್ಟು ಮಾಹಿತಿಯನ್ನು ತಜ್ಞರು ಹೊರತೆಗೆದರು. ಕ್ಸೆನಾನ್ ಅನಿಲದ ಸ್ನಿಗ್ಧತೆ ಕುರಿತ ಆ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆಕಾಶದಿಂದ ಬಿದ್ದ ಡಿಸ್ಕೇ ಮಾತಾಡಿತೆಂದ ಮೇಲೆ ಬೀರುವಿನ ಮೇಲಿಂದ ಇಳಿದದ್ದು ಸುಮ್ಮನಿದ್ದೀತೆ?

ಅಳಿಸುವ ಮುನ್ನ

ಅಂಗಡಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗಲೇ ಎರಡನೆಯದು ಘಟಿಸಿತು. ಹೀಗೆ ಹೊರತೆಗೆದ ಕಡತಗಳು ತಮ್ಮ ಹೆಸರು ಕಳೆದುಕೊಂಡು ಬರೀ ಸಂಖ್ಯೆಗಳಾಗಿ ಬರುತ್ತವೆ. ಹುಡುಗ ಒಂದೊಂದನ್ನೇ ತೆರೆಯುತ್ತ ಹೋದ. ಒಂದು ಧ್ವನಿಮುದ್ರಣ ಬಂತು. ಅಂಗಡಿಯಲ್ಲಿ ನನ್ನ ಅಪ್ಪನ ದನಿ ಕೇಳಿತು.

ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರಿನವರು ನಾವು. ಗೊರೂರಿನ ಬಳಿಯ ಆ ಅಣೆಕಟ್ಟು ಪೂರ್ತಿಯಾದದ್ದು 1979ರಲ್ಲಿ. ಊರು ಬಿಟ್ಟ ದಿವಸ ಯಾರು ಏನು ಹೊತ್ತು ತಂದರು, ಯಾವ ಮನೆಯ ಬಾಗಿಲು ಯಾರ ಪಾಲಾಯಿತು ಎಂದು ಅಪ್ಪ ಒಂದು ಸಂಜೆ ಹೇಳುತ್ತಿದ್ದುದನ್ನು 2014ರಲ್ಲಿ ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ. ಹನ್ನೊಂದು ನಿಮಿಷದ್ದು. ಮರುವರ್ಷ ಅಪ್ಪ ತೀರಿಕೊಂಡರು. ಆ ಮೊಬೈಲು ಬಸ್ಸಿನಲ್ಲಿ ಕಳೆಯಿತು. ಮನೆಯ ಕಂಪ್ಯೂಟರು 2017ರ ಮುಂಗಾರಿನಲ್ಲಿ ಸಿಡಿಲಿಗೆ ಸುಟ್ಟಿತು. 'ಬ್ಯಾಕಪ್ಪಿನಲ್ಲಿ ಇದೆಯಲ್ಲ' ಎಂದು ನಾನು ನಿಶ್ಚಿಂತನಾಗಿದ್ದೆ, ಆಮೇಲೆ ಮರೆತೇಬಿಟ್ಟಿದ್ದೆ. ಮೂಲ ಪ್ರತಿ ಹೋದ ದಿನವೇ ನಕಲು ನಕಲಾಗಿ ಉಳಿಯಲಿಲ್ಲ, ಅದೇ ಮೂಲವಾಯಿತು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಆ ಒಂದೇ ಪ್ರತಿಯನ್ನು ಹಿಂದಿನ ದಿನ ನಾನೇ ನನ್ನ ಕೈಯಾರೆ ಡಿಲೀಟ್ ಮಾಡಿದ್ದೆ!

ಅಳಿಸಿದ್ದು ಅಳಿಯದೆ ಉಳಿದದ್ದು ಒಂದು ಗಳಿಗೆಯ ಹಿಂದೆ ನನ್ನನ್ನು ಹೆದರಿಸಿತ್ತು. ಅದೇ ಈಗ ಅಪ್ಪನನ್ನು ವಾಪಸು ಕೊಟ್ಟಿತು.

ಎಲ್ಲರಿಗೂ ಈ ಅದೃಷ್ಟ ಇರುವುದಿಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಜೇಮ್ಸ್ ಹೊವೆಲ್ಸ್ ಎಂಬಾತನ ಹಳೆಯ ಡಿಸ್ಕೊಂದು 2013ರಲ್ಲಿ ಕಸದ ಪಾಲಾಯಿತು. ಅದರಲ್ಲಿ ಸುಮಾರು 8000 ಬಿಟ್‌ಕಾಯಿನ್ನುಗಳ ಕೀಲಿ ಇತ್ತು. ನ್ಯೂಪೋರ್ಟ್ ಊರಿನ ಕಸದ ಗುಂಡಿಯನ್ನು ಅಗೆಯಲು ಅನುಮತಿ ಬೇಡಿ ಆತ ನ್ಯಾಯಾಲಯದ ಮೆಟ್ಟಿಲು ಹತ್ತಿದ. 2025ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟು ಅರ್ಜಿಯನ್ನು ತಳ್ಳಿಹಾಕಿತು.

ಆದ್ದರಿಂದ ಮೊದಲ ಪಾಠ: ಅಳಿಸುವ ಮುಂಚೆ ಪೂರ್ತಿ ನೋಡಿ. ನೆನಪನ್ನು ನಂಬಬೇಡಿ, ಕಣ್ಣನ್ನು ನಂಬಿ. ಬೇಕಾದದ್ದನ್ನು ನಕಲು ಮಾಡಿಕೊಂಡ ಮೇಲೆ ಆ ನಕಲನ್ನು ತೆರೆದು ನೋಡಿ, ಕೇಳಿ. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ ಜನಪ್ರಿಯಗೊಳಿಸಿದ 'ಮೂರು-ಎರಡು-ಒಂದು' ಸೂತ್ರ ಇಲ್ಲಿ ಉಪಯುಕ್ತ. ಮುಖ್ಯವಾದ ಯಾವುದಕ್ಕೂ ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿ ಇರಲಿ, ಒಂದಾದರೂ ಮನೆಯಿಂದ ಹೊರಗಿರಲಿ. ಅಪ್ಪನ ಧ್ವನಿ ಈಗ ನನ್ನಲ್ಲಿದೆ, ಮಗಳಲ್ಲಿದೆ, ಅರಸೀಕೆರೆಯ ತಂಗಿಯ ಮನೆಯಲ್ಲಿದೆ.

ಇನ್ನೊಂದು ಮಾತು. ಕೈತಪ್ಪಿ ಏನಾದರೂ ಅಳಿಸಿಬಿಟ್ಟರೆ ಆ ಡಿಸ್ಕಿನ ಮೇಲೆ ಬೇರೇನನ್ನೂ ಬರೆಯಬೇಡಿ. ಹೊರತೆಗೆದ ಕಡತಗಳನ್ನು ಬೇರೆ ಡಿಸ್ಕಿನಲ್ಲೇ ಇಳಿಸಿಕೊಳ್ಳಿ. ಬೆಂಚಿನ ಮೇಲೆ ಹೊಸ ಹುಡುಗ ಕೂತರೆ ಹಳೆಯವನು ಮತ್ತೆ ಸಿಗುವುದಿಲ್ಲ.

ಎರಡು ಲಕ್ಷ ಕೋಟಿ ಸೊನ್ನೆಗಳು

ಇನ್ನು ನಿಜವಾಗಿ ಅಳಿಸುವ ಬಗೆ. ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ. ಅಲ್ಯೂಮಿನಿಯಂ ಅಥವಾ ಗಾಜಿನ ತಟ್ಟೆಯ ಮೇಲೆ ಕೋಬಾಲ್ಟ್ ಮಿಶ್ರಲೋಹದ ಅತಿ ತೆಳುವಾದ ಲೇಪ. ಆ ಲೇಪದ ಒಂದೊಂದು ಸೂಕ್ಷ್ಮ ಭಾಗವೂ ಒಂದು ಪುಟ್ಟ ಅಯಸ್ಕಾಂತ. ಅದರ ಧ್ರುವಗಳು ಯಾವ ಕಡೆಗಿವೆ ಎಂಬುದರ ಮೇಲೆ ಒಂದೋ ಸೊನ್ನೆಯೋ ತೀರ್ಮಾನ. ತಟ್ಟೆ ನಿಮಿಷಕ್ಕೆ 5400 ಸಲ, ಎಂದರೆ ಸೆಕೆಂಡಿಗೆ 90 ಸಲ ಸುತ್ತುತ್ತದೆ. ಓದಿ ಬರೆಯುವ ತಲೆ ಅದರಿಂದ ಕೆಲವೇ ನ್ಯಾನೊಮೀಟರುಗಳಷ್ಟು ಮೇಲೆ ತೇಲುತ್ತದೆ. ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದ ಮೊದಲ ಡಿಸ್ಕಿನಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದು, ಎಲ್ಲ ಸೇರಿ ಹಿಡಿಸುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು. ನನ್ನ ಪೆಟ್ಟಿಗೆಯ ಡಿಸ್ಕು ಎರಡು ಟೆರಾಬೈಟಿನದು, ಎಂದರೆ ಎರಡು ಲಕ್ಷ ಕೋಟಿ ಬೈಟುಗಳು. ನಾಲ್ಕು ಲಕ್ಷ ಪಟ್ಟು!

ಅಳಿಸುವುದೆಂದರೆ ಈ ಎರಡು ಲಕ್ಷ ಕೋಟಿ ಜಾಗಗಳಲ್ಲೂ ಹೊಸದಾಗಿ ಸೊನ್ನೆ ಬರೆಯುವುದು. ಬೇರೆ ದಾರಿಯಿಲ್ಲ. ಸೆಕೆಂಡಿಗೆ ಹತ್ತು ಕೋಟಿ ಬೈಟಿನಂತೆ ಬರೆದರೂ ಇಪ್ಪತ್ತು ಸಾವಿರ ಸೆಕೆಂಡು ಬೇಕು. ಐದೂವರೆ ತಾಸು! ಯಾರಾದರೂ ಹತ್ತು ಸೆಕೆಂಡಿನಲ್ಲಿ ಇಂಥ ಡಿಸ್ಕನ್ನು ಅಳಿಸಿಕೊಟ್ಟರೆ ಅವರು ಹಾಜರಿ ಪುಸ್ತಕವನ್ನಷ್ಟೇ ಅಳಿಸಿದ್ದಾರೆ ಎಂದು ತಿಳಿಯಿರಿ.

ಹುಡುಗ ವಿಧಾನ ಹೇಳಿಕೊಟ್ಟ. ವಿಂಡೋಸಿನಲ್ಲಿ 'ಡಿಸ್ಕ್‌ಪಾರ್ಟ್' ಎಂಬ ಸಾಧನವಿದೆ. ಅದರಲ್ಲಿ 'ಕ್ಲೀನ್' ಎಂಬ ಆಜ್ಞೆ ಪಟ್ಟಿಯನ್ನು ಮಾತ್ರ ತೆಗೆಯುತ್ತದೆ. 'ಕ್ಲೀನ್ ಆಲ್' ಎಂದರೆ ಪ್ರತಿ ಜಾಗದಲ್ಲೂ ಸೊನ್ನೆ ಬರೆಯುತ್ತದೆ. ಒಂದು ಪದದ ವ್ಯತ್ಯಾಸ. ಡಿಸ್ಕನ್ನು ಬಿಚ್ಚಲು ಇಷ್ಟವಿಲ್ಲದವರು ಪೆಟ್ಟಿಗೆಯದೇ ಮೆನುವಿನಲ್ಲಿ ಹುಡುಕಬೇಕು. ಕೆಲವು ಪೆಟ್ಟಿಗೆಗಳಲ್ಲಿ ಗಂಟೆಗಟ್ಟಲೆ ಹಿಡಿಯುವ ಪೂರ್ಣ ಅಳಿಸುವಿಕೆಯ ಆಯ್ಕೆ ಇರುತ್ತದೆ. ಬರೇ 'ರೀಸೆಟ್' ಒತ್ತಿದರೆ ಪಾಸ್‌ವರ್ಡು ಮಾತ್ರ ಹೋಗಿ ಕಡತಗಳು ಉಳಿಯಬಹುದು.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯೇ. ಆ ಸಾಧನ ಡಿಸ್ಕುಗಳನ್ನು ಹೆಸರಿನಿಂದಲ್ಲ, 0, 1, 2 ಎಂದು ಗುರುತಿಸುತ್ತದೆ. ಒಂದು ಅಂಕಿ ತಪ್ಪಿದರೆ ನಮ್ಮ ಕೆಲಸದ ಡಿಸ್ಕೇ ಸೊನ್ನೆಯಾಗುತ್ತದೆ. ಹಾಗಾಗಿ ಬೇರೆ ಡಿಸ್ಕು, ಪೆನ್‌ಡ್ರೈವುಗಳನ್ನೆಲ್ಲ ಮೊದಲು ಕಿತ್ತಿಡಿ. ಗಾತ್ರ ನೋಡಿ ಗುರುತಿಸಿ. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ ಆಮೇಲೆ ಒತ್ತಿ. ಪ್ರಯೋಗಾಲಯದಲ್ಲಿ ಆಮ್ಲದ ಸೀಸೆಯ ಚೀಟಿಯನ್ನು ಎರಡು ಸಲ ಓದಿಸುವ ಕ್ರಮವೇ ಇದು.

ರಾತ್ರಿ ಒಂಬತ್ತಕ್ಕೆ ಶುರು ಮಾಡಿದೆ. ಹನ್ನೊಂದಕ್ಕೆ ಕರೆಂಟು ಹೋಯಿತು. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ನಡೆಯಿತು, ಡಿಸ್ಕು ನಿಂತಿತು. ಅರ್ಧಂಬರ್ಧ ಅಳಿಸಿದ್ದಕ್ಕೆ ಬೆಲೆಯಿಲ್ಲ, ಮೊದಲಿನಿಂದ ಮಾಡಬೇಕು. ಮರುರಾತ್ರಿ ಯುಪಿಎಸ್ ಜೋಡಿಸಿಯೇ ಕೂತೆ. ಬೆಳಗ್ಗೆ ಕಾಫಿ ಹೊತ್ತಿಗೆ ಮುಗಿದಿತ್ತು. ಆಮೇಲೆ ಮತ್ತೆ ಫೋಟೋರೆಕ್ ಓಡಿಸಿ ನೋಡಿದೆ. ಒಂದು ಫೋಟೋ ಇಲ್ಲ, ಒಂದಕ್ಷರವಿಲ್ಲ. ಅಳಿಸಿದ ಮೇಲೆ ಈ ಪರೀಕ್ಷೆ ಮಾಡಲೇಬೇಕು. ಇದೇ ಎರಡನೆಯ ಪಾಠ.

ಎಷ್ಟು ಸಲ ಬರೆಯಬೇಕು?

ಮೂವತ್ತೈದು ಸಲ ಎಂದು ಹೇಳುವವರಿದ್ದಾರೆ. ಇದರ ಮೂಲ ನ್ಯೂಜಿಲೆಂಡಿನ ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧ. ಆ ಕಾಲದ ಹಲವು ಬಗೆಯ ಡಿಸ್ಕುಗಳನ್ನು ಲೆಕ್ಕಕ್ಕೆ ಹಿಡಿದು ಆತ ಹೇಳಿದ್ದನ್ನು ಜನ ಮಂತ್ರದಂತೆ ಜಪಿಸಿದರು. ಈಗಿನ ಡಿಸ್ಕುಗಳಿಗೆ ಅಷ್ಟೂ ಸಲ ಬೇಕಿಲ್ಲವೆಂದು ಆಮೇಲೆ ಆತನೇ ಸ್ಪಷ್ಟಪಡಿಸಿದ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 'ನಿಸ್ಟ್' 2014ರ ತನ್ನ ಮಾರ್ಗಸೂಚಿಯಲ್ಲಿ ಇಂಥ ಕಾಂತೀಯ ಡಿಸ್ಕುಗಳಿಗೆ ಸಾಮಾನ್ಯವಾಗಿ ಒಂದು ಸಲ ಮೇಲ್ಬರಹ ಸಾಕು ಎಂದಿದೆ.

ಅಯಸ್ಕಾಂತ ಹಿಡಿದರೆ ಆಗದೆ ಎಂದು ತರಗತಿಯಲ್ಲಿ ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಶಾಲೆಯ ಅಯಸ್ಕಾಂತಕ್ಕೆ ಡಿಸ್ಕು ಬಗ್ಗುವುದಿಲ್ಲ. ಆ ತಲೆಯನ್ನು ಅತ್ತಿತ್ತ ಆಡಿಸಲು ಬಲವಾದ ನಿಯೋಡಿಮಿಯಂ ಅಯಸ್ಕಾಂತಗಳು ಡಿಸ್ಕಿನೊಳಗೇ ಇವೆ. ಅವುಗಳ ಜೊತೆ ವರ್ಷಗಟ್ಟಲೆ ಸಂಸಾರ ಮಾಡಿದ ಮಾಹಿತಿ ನಮ್ಮದಕ್ಕೆ ಹೆದರೀತೆ?

ಒಂದು ಎಚ್ಚರಿಕೆ. ತಟ್ಟೆಯಿಲ್ಲದ, ಚಿಪ್ಪಿನಿಂದಲೇ ಆದ ಎಸ್‌ಎಸ್‌ಡಿ ಮತ್ತು ಪೆನ್‌ಡ್ರೈವುಗಳಿಗೆ ಈ ವಿಧಾನವನ್ನು ನೆಚ್ಚುವಂತಿಲ್ಲ. ಸವಕಳಿ ಸಮನಾಗಿ ಹಂಚಿಹೋಗಲೆಂದು ಅವು ಬರವಣಿಗೆಯ ಜಾಗವನ್ನು ಒಳಗೊಳಗೇ ಬದಲಿಸುತ್ತಿರುತ್ತವೆ. ಎಸ್‌ಎಸ್‌ಡಿಗೆ ತಯಾರಕರೇ ಕೊಡುವ ಅಳಿಸುವ ಆಜ್ಞೆಯನ್ನು ಬಳಸಬೇಕು. ಕೆಟ್ಟು ನಿಂತ ಡಿಸ್ಕಿನ ಮೇಲೆ ಬರೆಯಲಾಗುವುದಿಲ್ಲ. ಅದರ ತಟ್ಟೆಗಳನ್ನೇ ನಾಶಮಾಡಬೇಕು.

ಮರುಹುಟ್ಟು

ಅಳಿಸಿದ್ದಾಯಿತು. ಇನ್ನು ಅದನ್ನು ಏನು ಮಾಡುವುದು? ಮತ್ತೆ ಮನೆಯ ಜಾಲಕ್ಕೆ ಜೋಡಿಸೋಣವೆಂದರೆ ಪೆಟ್ಟಿಗೆಯ ತಂತ್ರಾಂಶ ಹಳತಾಗಿದೆ. ಅದು ಮಾತಾಡುವ ಭಾಷೆ 'ಎಸ್‌ಎಂಬಿ ಒಂದು' ಎಂಬ ಹಳೆಯ ಕ್ರಮ. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ 'ವಾನಾಕ್ರೈ' ಪಿಡುಗು ಹಬ್ಬಿದ್ದು ವಿಂಡೋಸಿನಲ್ಲಿ ಅದೇ ಕ್ರಮಕ್ಕಿದ್ದ ದೋಷದ ಮೂಲಕ. ಆ ವರ್ಷದ ಕೊನೆಯಿಂದ ಹೊಸದಾಗಿ ಸ್ಥಾಪಿಸಿದ ವಿಂಡೋಸ್ 10ರಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಹೊಸ ಲ್ಯಾಪ್‌ಟಾಪುಗಳಿಗೆ ಇಂಥ ಹಳೆಯ ಪೆಟ್ಟಿಗೆ ಕಾಣದಿರುವುದಕ್ಕೆ ಇದೇ ಕಾರಣ. ಕಾಣಿಸಲೆಂದು ಆ ಬಾಗಿಲನ್ನು ಮತ್ತೆ ತೆರೆಯುವುದು ಜಾಣತನವಲ್ಲ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ 'ಮೈ ಬುಕ್ ಲೈವ್' ಎಂಬ ಪೆಟ್ಟಿಗೆಗಳಲ್ಲಿದ್ದುದನ್ನು ಇಂಟರ್‌ನೆಟ್ಟಿನ ಮೂಲಕ ನುಗ್ಗಿದ ಕಿಡಿಗೇಡಿಗಳು ಅಳಿಸಿಹಾಕಿದರು. ಜಗತ್ತಿನ ಹಲವೆಡೆ ಜನ ಬೆಳಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ಖಾಲಿ. ಅವುಗಳ ತಂತ್ರಾಂಶಕ್ಕೆ 2015ರ ನಂತರ ದುರಸ್ತಿಯೇ ಬಂದಿರಲಿಲ್ಲ.

ಆದ್ದರಿಂದ ಡಿಸ್ಕನ್ನು ಮಾತ್ರ ಉಳಿಸಿಕೊಂಡು, ಒಂದು ಯುಎಸ್‌ಬಿ ಕವಚ ಕೊಂಡು ಅದರಲ್ಲಿ ಕೂರಿಸಿದೆ. ಹಳೆಯ ಪೆಟ್ಟಿಗೆಯ ವಿದ್ಯುನ್ಮಂಡಲ ಗುಜರಿಗೆ ಹೋಗಲಿಲ್ಲ, ಪರವಾನಗಿ ಪಡೆದ ಇ-ತ್ಯಾಜ್ಯ ಸಂಗ್ರಹಕರಿಗೆ ಹೋಯಿತು. ಡಿಸ್ಕಿನ ಆರೋಗ್ಯವನ್ನೂ ನೋಡಿದೆ. ಡಿಸ್ಕುಗಳು 'ಸ್ಮಾರ್ಟ್' ಎಂಬ ಹೆಸರಿನಲ್ಲಿ ತಮ್ಮ ದಿನಚರಿಯನ್ನು ತಾವೇ ಬರೆದಿಡುತ್ತವೆ. ನನ್ನದು 41 ಸಾವಿರ ಗಂಟೆ ದುಡಿದಿತ್ತು. ಕೆಟ್ಟ ಜಾಗಗಳ ಲೆಕ್ಕ ಸೊನ್ನೆ. ಆ ಲೆಕ್ಕ ಏರುತ್ತಿದ್ದರೆ ಡಿಸ್ಕು ಹೆಚ್ಚು ದಿನ ಬಾಳುವುದಿಲ್ಲ ಎಂದರ್ಥ.

ಆದರೂ ಮುದುಕ ಮುದುಕನೇ. ಮೂರನೆಯ ಪಾಠ ಇದು: ಹಳೆಯ ಡಿಸ್ಕಿನಲ್ಲಿ ಕಳೆದುಹೋದರೆ ಮತ್ತೆ ಸಿಗುವಂಥದ್ದನ್ನು ಮಾತ್ರ ಇಡಿ. ನಾನು ಅದನ್ನು ಶಾಲೆಗೆ ಕೊಟ್ಟೆ. ನಮ್ಮ ಶಾಲೆಯಲ್ಲಿ ಇಂಟರ್‌ನೆಟ್ಟು ಮಳೆ ಬಂದರೆ ಇಲ್ಲ, ಗಾಳಿ ಬಂದರೆ ಇಲ್ಲ. 'ಕಿವಿಕ್ಸ್' ಎಂಬ ಉಚಿತ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯಾವನ್ನು ಒಂದೇ ಕಡತವಾಗಿ ಇಳಿಸಿಟ್ಟುಕೊಂಡು ಜಾಲವಿಲ್ಲದೆಯೇ ಓದಬಹುದು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ 'ಫೆಟ್' ಯೋಜನೆಯ ವಿಜ್ಞಾನ ಪ್ರಯೋಗಗಳೂ ಇಳಿಸಿಕೊಳ್ಳಲು ಸಿಗುತ್ತವೆ. ಅವುಗಳಲ್ಲಿ ಹಲವು ಕನ್ನಡದಲ್ಲೇ ಇವೆ. ವಿದ್ಯುನ್ಮಂಡಲ ಜೋಡಿಸಿ ಬಲ್ಬು ಉರಿಸುವ ಪ್ರಯೋಗಕ್ಕೆ ಮಕ್ಕಳು ಈಗ ಸರದಿ ನಿಲ್ಲುತ್ತಾರೆ. ನಾಳೆ ಡಿಸ್ಕು ಕೆಟ್ಟರೆ ಯಾರೂ ಅಳಬೇಕಿಲ್ಲ, ಮತ್ತೆ ಇಳಿಸಿಕೊಂಡರಾಯಿತು.

ವಿದ್ಯಾರ್ಥಿವೇತನದ ಕಾಗದಪತ್ರಗಳಿಗೂ ಈಗ ಒಂದು ಕ್ರಮ ಮಾಡಿದ್ದೇನೆ. ಅವೆಲ್ಲ ಒಂದೇ ಡಿಸ್ಕಿನಲ್ಲಿರುತ್ತವೆ. ವೇತನ ಮಂಜೂರಾಗಿ, ಕಚೇರಿಯ ಲೆಕ್ಕ ಮುಗಿದ ಮೇಲೆ ಆ ಡಿಸ್ಕನ್ನು ಒಂದು ರಾತ್ರಿ ಪೂರ್ತಿ ಅಳಿಸಿ, ಬೆಳಗ್ಗೆ ಪರೀಕ್ಷಿಸಿ, ನೋಟುಬುಕ್ಕಿನಲ್ಲಿ ತಾರೀಖು ಬರೆದು ಸಹಿ ಹಾಕುತ್ತೇನೆ. ಬೀರುವಿನ ಮೇಲೆ ಈಗ ಪಂಚಾಂಗಗಳು ಮಾತ್ರ ಉಳಿದಿವೆ. "ಏನ್ರೀ, ನಿಮ್ಮ ಚಿತ್ರಗುಪ್ತನಿಗೆ ಸ್ಕೂಲಿಗೆ ವರ್ಗವಾಯ್ತಂತೆ?" ಎಂದಳು ಹೆಂಡತಿ. ಹೌದೆಂದೆ. ಹಳೆಯ ಲೆಕ್ಕಗಳನ್ನೆಲ್ಲ ಚುಕ್ತಾ ಮಾಡಿಯೇ ಕಳಿಸಿದ್ದೇನೆ.